ರಾಶಿ ರೇಟು ಕೇಳಿದರೆ ರಾಶಿಭವಿಷ್ಯ ಹೇಳುವ ಫೋನನ್ನು ನಂಬೋದು ಹೇಗೆ?

ಕಾರ್ಗಲ್ ಪೇಟೆಯ ಒಂದು ಚಹಾದಂಗಡಿ. ಹೊರಗೆ ಜೋರು ಮಳೆ. ಮಾಲೀಕರು ಬಾಣಲೆಗೆ ಬೋಂಡ ಬಿಡ್ತಾ ಇದ್ದಾರೆ, ಎರಡೂ ಕೈ ಹಿಟ್ಟಿನಲ್ಲಿ. ಗಿರಾಕಿಯೊಬ್ಬ ಫೋನ್ ತೆಗೆದು ಕ್ಯೂಆರ್ ಕೋಡ್‌ಗೆ ಹಿಡಿದ. ಗಲ್ಲಾಪೆಟ್ಟಿಗೆ ಪಕ್ಕದ ಸಣ್ಣ ಡಬ್ಬಿ ನಲವತ್ತು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗಿತು. ಮಾಲೀಕರು ತಿರುಗಿಯೂ ನೋಡಲಿಲ್ಲ. ಗಿರಾಕಿ ಕೊಡೆ ಬಿಚ್ಚಿಕೊಂಡು ಹೋದ.

ಇದೇ ಮಾಲೀಕರಿಗೆ ಒಂದಿಷ್ಟು ಅಡಿಕೆ ತೋಟವೂ ಇದೆ. "ಫೋನಿಗೆ ಕನ್ನಡದಲ್ಲೇ ಕೇಳಿದರೆ ಅಡಿಕೆ ರೇಟು ಹೇಳ್ತದಂತಲ್ಲ, ಕೇಳಿ ನೋಡಿದೀರಾ?" ಅಂದೆ. ಅವರು ನಕ್ಕರು. "ನೀವೇ ಒಂದ್ಸಲ ಕೇಳಿ ಮಾರಾಯ್ರೆ."

ನನ್ನ ಫೋನಿನ ವಾಯ್ಸ್ ಅಸಿಸ್ಟೆಂಟ್‌ಗೆ "ಸಾಗರದಲ್ಲಿ ಇವತ್ತು ರಾಶಿ ಎಷ್ಟಿದೆ?" ಅಂತ ಕೇಳಿದೆ. ಅದು ಬಹಳ ನಯವಾದ ಕನ್ನಡದಲ್ಲಿ ಮೇಷದಿಂದ ಶುರು ಮಾಡಿ ದಿನಭವಿಷ್ಯ ಹೇಳತೊಡಗಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಾರುಕಟ್ಟೆ ಮಾತಿನಲ್ಲಿ ರಾಶಿ ಅಂದರೆ ಅಡಿಕೆಯ ಒಂದು ದರ್ಜೆ. ಬೆಟ್ಟೆ, ಸರಕು, ಗೊರಬಲು, ಚಾಲಿ ಇದ್ದ ಹಾಗೆ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಫೋನಿಗೆ ಗೊತ್ತಿಲ್ಲ.

ಅಂಗಡಿಯಲ್ಲಿದ್ದವರೆಲ್ಲ ನಕ್ಕೆವು. ಆದರೆ ಆ ನಗುವಿನ ಹಿಂದೆ ಒಂದು ಗಟ್ಟಿ ಪ್ರಶ್ನೆ ಇದೆ. ಒಂದೇ ಅಂಗಡಿಯಲ್ಲಿ ಎರಡು ಯಂತ್ರಗಳು ಮಾತಾಡ್ತವೆ. ಒಂದನ್ನು ಮಾಲೀಕರು ದುಡ್ಡಿನ ವಿಷಯದಲ್ಲೂ ಕಣ್ಣುಮುಚ್ಚಿ ನಂಬ್ತಾರೆ. ಇನ್ನೊಂದನ್ನು ಹಾಡು ಹಾಕಿಸಲಿಕ್ಕೆ ಮೊಮ್ಮಗಳಿಗೆ ಬಿಟ್ಟಿದ್ದಾರೆ. ಯಾಕೆ?

ಬಳಸೋದು ಬೇರೆ, ನಂಬೋದು ಬೇರೆ

ಟೆಕ್ ಕಂಪನಿಗಳು ಈ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕ್ತವೆ. ಎಷ್ಟು ಜನ ದಿನಕ್ಕೆ ಎಷ್ಟು ಸಲ ಮಾತಾಡಿದರು ಅನ್ನೋದೇ ಯಶಸ್ಸಿನ ಅಳತೆ. ಆ ಅಳತೆಯಲ್ಲಿ ನೋಡಿದರೆ ಪ್ರಗತಿ ದೊಡ್ಡದೇ. 2011ರಲ್ಲಿ ಆಪಲ್‌ನ ಸಿರಿ ಬಂತು, 2014ರಲ್ಲಿ ಅಮೆಜಾನ್‌ನ ಅಲೆಕ್ಸಾ, 2016ರಲ್ಲಿ ಗೂಗಲ್ ಅಸಿಸ್ಟೆಂಟ್. ಕನ್ನಡ ಸೇರಿದಂತೆ ಭಾರತದ ಹಲವು ಭಾಷೆಗಳನ್ನು ಅಸಿಸ್ಟೆಂಟ್‌ಗೆ ಕಲಿಸುವುದಾಗಿ ಗೂಗಲ್ ಹೇಳಿದ್ದು 2018ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಜೆಮಿನೈ ಲೈವ್ ಕೂಡ ಕನ್ನಡಕ್ಕೆ ಬರುವುದಾಗಿ ಘೋಷಣೆಯಾಯಿತು. ಈಗ ಅದು ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗೋದಿಲ್ಲ, ಹರಟೆಯನ್ನೇ ಹೊಡೀತದೆ.

ದನಿ ಮನುಷ್ಯರ ಹಾಗೆ ಇದ್ದಷ್ಟೂ ನಂಬಿಕೆ ಹೆಚ್ಚುತ್ತದೆ ಅನ್ನೋದು ಈ ಉದ್ಯಮದ ಹಳೆಯ ಲೆಕ್ಕಾಚಾರ. ಅದಕ್ಕೆ ಆಧಾರ ಇಲ್ಲ ಅಂತಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜನ್‌ಬಾಮ್ 'ಎಲೈಝಾ' ಅನ್ನೋ ಪುಟ್ಟ ಪ್ರೋಗ್ರಾಮ್ ಪ್ರಕಟಿಸಿದರು. ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡೋದಷ್ಟೇ ಅದರ ವಿದ್ಯೆ. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದ್ದನ್ನು ಕಂಡು ಅವರೇ ಗಾಬರಿಯಾದರು. ಯಂತ್ರ ಮಾತಾಡಿದರೆ ನಾವು ಅದನ್ನು ಮನುಷ್ಯರ ಹಾಗೆ ನಡೆಸಿಕೊಳ್ತೀವಿ ಅಂತ ಸ್ಟ್ಯಾನ್‌ಫರ್ಡ್‌ನ ಕ್ಲಿಫರ್ಡ್ ನ್ಯಾಸ್ ಮತ್ತು ಬೈರನ್ ರೀವ್ಸ್ 1990ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ಆದರೆ ಕಾರ್ಗಲ್‌ನ ಆ ಡಬ್ಬಿಗೆ ಇಂಥ ನಯ ನಾಜೂಕು ಏನೂ ಇಲ್ಲ. ಅದರ ಕನ್ನಡ ಬಿಡಿ ಬಿಡಿ ತುಂಡು ಅಂಟಿಸಿದ ಹಾಗೆ ಕೇಳ್ತದೆ. ಆದರೂ ನಂಬಿಕೆ ಗಳಿಸಿದೆ. ಅದು ಮಾಡೋದು ಒಂದೇ ಕೆಲಸ, ದುಡ್ಡು ಬಂತೋ ಇಲ್ಲವೋ ಹೇಳೋದು. ಅನುಮಾನ ಬಂದರೆ ಗಿರಾಕಿ ಎದುರಿಗೇ ಇರುವಾಗ ಫೋನಿನಲ್ಲಿ ಮೆಸೇಜ್ ನೋಡಿಕೊಳ್ಳಬಹುದು. ಸುಳ್ಳು ಹೇಳಿದ್ದರೆ ಅದೇ ದಿನ ಸಂಜೆ ಲೆಕ್ಕದಲ್ಲಿ ಸಿಕ್ಕಿಬೀಳ್ತದೆ. ಕೆಟ್ಟರೆ ಡಬ್ಬಿ ಕೊಟ್ಟುಹೋದ ಕಂಪನಿಯ ಹುಡುಗನ ನಂಬರ್ ಗೋಡೆಯ ಮೇಲೆ ಬರೆದಿದೆ. ನಂಬಿಕೆ ಹುಟ್ಟಿದ್ದು ದನಿಯಿಂದ ಅಲ್ಲ. ಪರೀಕ್ಷಿಸಲಿಕ್ಕೆ ಆಗ್ತದೆ, ತಪ್ಪಾದರೆ ಕೇಳಲಿಕ್ಕೆ ಯಾರೋ ಇದ್ದಾರೆ ಅನ್ನೋದರಿಂದ.

ಈ ಅಳತೆಗೋಲು ಹಿಡಿದು ವಾಯ್ಸ್ ಅಸಿಸ್ಟೆಂಟ್‌ಗಳನ್ನು ನೋಡಿದರೆ ಅವು ಎಲ್ಲಿ ಸೋಲ್ತವೆ ಅನ್ನೋದು ಗೊತ್ತಾಗ್ತದೆ.

ಮೊದಲು ಸಿಗ್ನಲ್ ಸಿಗಲಿ

ಕಾರ್ಗಲ್ ಹುಟ್ಟಿ ಬೆಳೆದದ್ದೇ ಶರಾವತಿ ಯೋಜನೆಯ ಜೊತೆ. ಪಕ್ಕದಲ್ಲೇ ಲಿಂಗನಮಕ್ಕಿ ಅಣೆಕಟ್ಟು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಸಾಮರ್ಥ್ಯ 1,035 ಮೆಗಾವಾಟ್. ದಶಕಗಳ ಕಾಲ ಬೆಂಗಳೂರಿಗೆ ಬೆಳಕು ಕೊಟ್ಟ ಈ ಕಣಿವೆಯ ಜನ 2021ರಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಅಭಿಯಾನ ಮಾಡಬೇಕಾಯಿತು. ಹಿನ್ನೀರಿನ ಆಚೆಯ ತುಮರಿ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತುತ್ತಿದ್ದ ಕಾಲ ಅದು.

ಇದನ್ನು ಯಾಕೆ ಹೇಳ್ತಿದೀನಿ ಅಂದರೆ, ವಾಯ್ಸ್ ಅಸಿಸ್ಟೆಂಟ್ ನಿಮ್ಮ ಫೋನಿನೊಳಗೆ ಕೂತಿರೋದಿಲ್ಲ. ನೀವು ಆಡಿದ ಮಾತು ಬಹುಪಾಲು ದೂರದ ಸರ್ವರ್‌ಗೆ ಹೋಗಿ, ಅಕ್ಷರವಾಗಿ, ಅರ್ಥವಾಗಿ, ಮತ್ತೆ ದನಿಯಾಗಿ ವಾಪಸ್ ಬರಬೇಕು. ಒಂದು ಕಡ್ಡಿ ಸಿಗ್ನಲ್ ಇರೋ ಕಡೆ ಅದು ಅರ್ಧಕ್ಕೆ ನಿಲ್ತದೆ. ಮೂರು ಸಲ ಕೇಳಿ ಮೂರು ಸಲ ಉತ್ತರ ಬರದಿದ್ದರೆ ನಾಲ್ಕನೇ ಸಲ ಯಾರೂ ಕೇಳೋದಿಲ್ಲ. ನಂಬಿಕೆಯ ಚರ್ಚೆ ಶುರುವಾಗುವ ಮೊದಲೇ ಅಭ್ಯಾಸ ಸತ್ತು ಹೋಗಿರ್ತದೆ.

ತಪ್ಪು ಯಾರದು, ಯಂತ್ರದ್ದೋ ನಮ್ಮ ಕನ್ನಡದ್ದೋ?

ಎರಡನೇದು ಮಾತು ಅರ್ಥವಾಗೋ ಪ್ರಶ್ನೆ. ಅಮೆರಿಕದಲ್ಲಿ 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದೂ ಕಂಪನಿಗಳ ಧ್ವನಿ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಪದ ತಪ್ಪಾದರೆ ಕಪ್ಪು ಜನರ ಮಾತಿನಲ್ಲಿ 35 ಪದ ತಪ್ಪಾಗಿತ್ತು. ಎರಡೂ ಇಂಗ್ಲಿಷೇ, ದೇಶವೂ ಒಂದೇ. ಯಾರ ಮಾತನ್ನು ಕೇಳಿ ಯಂತ್ರ ಕಲಿಯಿತೋ ಅವರ ಮಾತು ಮಾತ್ರ ಅದಕ್ಕೆ ಸರಿಯಾಗಿ ಕೇಳ್ತದೆ.

ಇದನ್ನು ಕನ್ನಡಕ್ಕೆ ಇಟ್ಟು ನೋಡಿ. ಹವ್ಯಕರ ಮನೆಮಾತು ಒಂದು ಥರ, ದೀವರದ್ದು ಇನ್ನೊಂದು ಥರ, ಘಟ್ಟ ಇಳಿದರೆ ಮತ್ತೊಂದು. "ಕೊಳೆ ಬಂದಿದೆ, ಎಂತ ಹೊಡೀಬೇಕು?" ಅಂತ ಅಡಿಕೆ ಬೆಳೆಗಾರರು ಕೇಳಿದರೆ ಅದು ಕೊಳೆರೋಗದ ಪ್ರಶ್ನೆ. ಉತ್ತರ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬಟ್ಟೆಯ ಕೊಳೆ ಅಂತ ತಿಳಿದ ಯಂತ್ರ ಸೋಪಿನ ಹೆಸರು ಹೇಳಬಹುದು.

ಕೆಲಸ ನಡೆದಿಲ್ಲ ಅಂತಲ್ಲ. ಮದ್ರಾಸ್ ಐಐಟಿಯ ಎಐ4ಭಾರತ್, ಬೆಂಗಳೂರಿನ ಐಐಎಸ್ಸಿ ಭಾರತೀಯ ಭಾಷೆಗಳ ಮಾತನ್ನು ಜಿಲ್ಲೆ ಜಿಲ್ಲೆಗಳಿಂದ ಸಂಗ್ರಹಿಸ್ತಾ ಇವೆ. 'ಕಾರ್ಯ' ಅನ್ನೋ ಸಂಸ್ಥೆ ಚಾಮರಾಜನಗರದ ಕಡೆಯ ಹಳ್ಳಿಯವರಿಂದ ಕನ್ನಡ ಓದಿಸಿ ರೆಕಾರ್ಡ್ ಮಾಡಿಸಿತು, ಅದಕ್ಕೆ ಒಳ್ಳೆ ಸಂಬಳವನ್ನೂ ಕೊಟ್ಟಿತು ಅನ್ನೋದು 2023ರಲ್ಲಿ 'ಟೈಮ್' ಪತ್ರಿಕೆಯಲ್ಲಿ ಸುದ್ದಿಯಾಗಿತ್ತು. ಯಂತ್ರಕ್ಕೆ ಭಾಷೆ ಕಲಿಸೋದು ದುಡಿಮೆ, ಅದಕ್ಕೆ ಕೂಲಿ ಸಿಗಬೇಕು ಅನ್ನೋ ಮಾತು ನಮ್ಮ ರಾಜ್ಯದ ಹಳ್ಳಿಯಿಂದಲೇ ಜಗತ್ತಿಗೆ ಹೋಗಿದ್ದು ಸಣ್ಣ ಸಂಗತಿ ಅಲ್ಲ.

ಆದರೆ ಬಳಕೆದಾರರ ಮಟ್ಟದಲ್ಲಿ ಆಗೋದೇ ಬೇರೆ. ಯಂತ್ರಕ್ಕೆ ಅರ್ಥವಾಗದಿದ್ದಾಗ ಜನ ಯಂತ್ರವನ್ನು ಬೈಯೋದಿಲ್ಲ. "ನಮ್ಮ ಭಾಷೆ ಸರಿ ಇಲ್ಲ ಬಿಡಿ" ಅಂತಾರೆ. ಮುಂದಿನ ಸಲ ಪಾಠ ಓದೋ ಹಾಗೆ ಗ್ರಾಂಥಿಕ ಕನ್ನಡದಲ್ಲಿ ಕೇಳ್ತಾರೆ, ಇಲ್ಲವೇ ಮೊಮ್ಮಕ್ಕಳ ಕೈಗೆ ಫೋನ್ ಕೊಡ್ತಾರೆ. ಶಾಲೆ, ಕಚೇರಿ, ಬ್ಯಾಂಕುಗಳ ಮುಂದೆ ನಿಂತು ಕಲಿತ ಕೀಳರಿಮೆ ಈಗ ಫೋನಿನ ಮುಂದೆಯೂ ಮುಂದುವರಿದಿದೆ. ಇಂಜಿನಿಯರಿಂಗ್ ಕ್ಲಾಸಿನಲ್ಲಿ ನಮಗೆ ಎರರ್ ರೇಟ್ ಲೆಕ್ಕ ಹಾಕೋದು ಕಲಿಸಿದ್ದರು. ಆ ಎರರ್ ಯಾರ ತಲೆ ಮೇಲೆ ಬೀಳ್ತದೆ ಅಂತ ಕೇಳೋದನ್ನು ಕಲಿಸಿರಲಿಲ್ಲ.

'ಗೊತ್ತಿಲ್ಲ' ಅನ್ನೋಕೆ ಬಾರದ ಯಂತ್ರ

ರಾಶಿಭವಿಷ್ಯ ಹೇಳಿದರೆ ನಕ್ಕು ಸುಮ್ಮನಾಗಬಹುದು. ಎಲ್ಲ ತಪ್ಪೂ ಅಷ್ಟು ಅಗ್ಗವಲ್ಲ.

2018ರ ಕೊನೆ, 2019ರ ಶುರುವಿನಲ್ಲಿ ಕಾರ್ಗಲ್‌ಗೆ ಹತ್ತಿರದ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಹಬ್ಬಿ ಹಲವರು ಜೀವ ಕಳೆದುಕೊಂಡರು. ಮೊದಲ ಬಾರಿ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಕೆಎಫ್‌ಡಿ ಇದೇ. ಈಗ ಗಮನಿಸಿ: ಕನ್ನಡದಲ್ಲಿ 'ಮಂಗನ ಕಾಯಿಲೆ' ಬೇರೆ, 'ಮಂಗನಬಾವು' ಬೇರೆ. ಎರಡನೆಯದು ಕೆನ್ನೆ ಊದಿಕೊಳ್ಳುವ, ಹೆಚ್ಚಾಗಿ ಮಕ್ಕಳಿಗೆ ಬರುವ ಮಂಪ್ಸ್. ಇದರ ಮೇಲೆ ಮಂಕಿಪಾಕ್ಸ್ ಅಂತ ಮೂರನೆಯದೂ ಒಂದಿದೆ. ಒಂದು ಪದ ಆಚೀಚೆ ಆದರೆ ರೋಗವೇ ಬದಲಾಗ್ತದೆ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದಾಗ ಫೋನು ಉಪ್ಪುನೀರು ಮುಕ್ಕಳಿಸಿ ಅಂದರೆ ಅದರ ಬೆಲೆ ಏನು?

ಹಳೇ ಅಸಿಸ್ಟೆಂಟ್‌ಗಳಿಗೆ ಒಂದು ಗುಣ ಇತ್ತು. ಅರ್ಥವಾಗದಿದ್ದರೆ "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಅಂತಿದ್ದವು. ಕಿರಿಕಿರಿ ಆಗ್ತಿತ್ತು, ಆದರೆ ಪ್ರಾಮಾಣಿಕ ಉತ್ತರ ಅದು. ಈಗಿನ ದೊಡ್ಡ ಭಾಷಾ ಮಾದರಿಗಳ ಮೇಲೆ ನಿಂತ ಅಸಿಸ್ಟೆಂಟ್‌ಗಳು ಹೀಗೆ ತಡವರಿಸೋದು ಕಡಿಮೆ. ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಒಂದೇ ಆತ್ಮವಿಶ್ವಾಸದಲ್ಲಿ ಮಾತಾಡ್ತವೆ. ಬರಹದಲ್ಲಾದರೆ ಕೆಳಗೆ ಕೊಂಡಿ ಇರ್ತದೆ, ಇನ್ನೊಂದು ಪುಟ ನೋಡಬಹುದು. ಮಾತಿನಲ್ಲಿ ಬಂದ ಉತ್ತರ ಒಂದೇ, ಕೇಳಿದ ಮರುಕ್ಷಣ ಗಾಳಿಗೆ ಹೋಗಿರ್ತದೆ. ನಯವಾದ ದನಿ ಬಳಕೆಯನ್ನು ಹೆಚ್ಚಿಸಬಹುದು. ಆದರೆ ಅರ್ಹತೆ ಇಲ್ಲದ ಕಡೆಯೂ ನಂಬಿಕೆ ಹುಟ್ಟಿಸುವ ಅಪಾಯ ಅದರಲ್ಲೇ ಇದೆ.

ಆಶಾ ಕಾರ್ಯಕರ್ತೆಯ ಮಾತನ್ನು ಇಲ್ಲಿನ ಜನ ಯಾಕೆ ನಂಬ್ತಾರೆ? ಅವರು ಮನೆಗೆ ಬಂದು ಡೆಪಾ ಎಣ್ಣೆ ಕೊಡ್ತಾರೆ. ನಾಳೆಯೂ ಇದೇ ಊರಲ್ಲಿ ಇರ್ತಾರೆ. ಗೊತ್ತಾಗದಿದ್ದರೆ "ಡಾಕ್ಟ್ರನ್ನೇ ಕೇಳುವಾ" ಅಂತ ಆಸ್ಪತ್ರೆಗೆ ಕಳಿಸ್ತಾರೆ. 'ನನಗೆ ಗೊತ್ತಿಲ್ಲ, ಇಂಥವರನ್ನು ಕೇಳಿ' ಅನ್ನೋದು ನಂಬಿಕೆಯ ಮೊದಲ ಲಕ್ಷಣ.

ಆಡಿದ ಮಾತು ಎಲ್ಲಿಗೆ ಹೋಗ್ತದೆ?

2019ರಲ್ಲಿ ಸಿರಿ ರೆಕಾರ್ಡಿಂಗ್‌ಗಳ ಒಂದು ಪಾಲನ್ನು ಗುತ್ತಿಗೆ ನೌಕರರು ಕೇಳಿಸಿಕೊಳ್ತಿದ್ದರು ಅನ್ನೋದು ಬಯಲಾಗಿ ಆಪಲ್ ಕ್ಷಮೆ ಕೇಳಿತು. ಬಳಕೆದಾರರ ಮೊಕದ್ದಮೆಯೊಂದನ್ನು ಮುಗಿಸಲು ಅದು 9.5 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2025ರ ಆರಂಭದಲ್ಲಿ ಸುದ್ದಿಯಾಯಿತು, ತಪ್ಪು ಮಾಡಿದ್ದೇವೆ ಅಂತ ಮಾತ್ರ ಒಪ್ಪಲಿಲ್ಲ. ಅಲೆಕ್ಸಾ ಮಕ್ಕಳ ದನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪದಲ್ಲಿ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು.

ಇದು ಅಮೆರಿಕದ ಕಥೆ, ನಮಗೇನು ಅನ್ನಿಸಬಹುದು. ನಮ್ಮದೇ ಕಥೆ 2025ರ ಜುಲೈನಲ್ಲಿ ನಡೆಯಿತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಬೋರ್ಡ್ ಬಂತು. ಮುಖ್ಯಮಂತ್ರಿಯೇ ವ್ಯಾಪಾರಿಗಳ ಜೊತೆ ಕೂತು ಮಾತಾಡಬೇಕಾಯಿತು. ಕಾನೂನಿನ ಪ್ರಕಾರ ಯಾರು ಸರಿ ಅನ್ನೋದು ಬೇರೆ ಚರ್ಚೆ. ನಂಬಿಕೆಯ ಪಾಠ ಮಾತ್ರ ಸ್ಪಷ್ಟ. ಡಬ್ಬಿ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅದು ಕೂಗಿದ ಪ್ರತಿ ಲೆಕ್ಕವೂ ಇನ್ನೆಲ್ಲೋ ಬರೆದಿಡಲಾಗ್ತಿದೆ ಅನ್ನೋದು ಅನುಭವಕ್ಕೆ ಬಂದ ಕೂಡಲೇ ವರ್ಷಗಳ ನಂಬಿಕೆ ಕೆಲವೇ ದಿನಗಳಲ್ಲಿ ಅಲುಗಾಡಿತು.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು ಅಂತ ಅದು ಹೇಳ್ತದೆ. ಅಂದರೆ ಕನ್ನಡದಲ್ಲಿ ಕೇಳೋದು ಹಕ್ಕು. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಟ್ಟುಪಾಡುಗಳಿಗೆ ಇನ್ನೂ 18 ತಿಂಗಳ ಗಡುವು ಕೊಟ್ಟಿದ್ದಾರೆ. ಸರ್ಕಾರ ಸಬ್ಸಿಡಿ, ಸೌಲಭ್ಯ ಕೊಡುವಾಗ ಮಾಹಿತಿ ಬಳಸಲಿಕ್ಕೆ ಕಾಯ್ದೆ ಬೇರೆಯೇ ಸಡಿಲ ದಾರಿ ಇಟ್ಟಿದೆ. ಓದು ಬಾರದವರಿಗೆ ಆ ಸೂಚನೆಯನ್ನು ಯಾರು ಓದಿ ಹೇಳಬೇಕು? ಮಾತಾಡುವ ಯಂತ್ರದ ಒಪ್ಪಿಗೆ ಪತ್ರ ಮಾತಿನಲ್ಲೇ ಇರಬೇಕಲ್ಲವೇ?

ಮಾತು ಕೊಟ್ಟವರು ಯಾರು?

ಇಲ್ಲಿಂದ ಇದು ಗ್ರಾಹಕರ ಪ್ರಶ್ನೆ ಮಾತ್ರ ಆಗಿ ಉಳಿಯೋದಿಲ್ಲ. ಸರ್ಕಾರವೂ ಮಾತಾಡುವ ಯಂತ್ರಗಳ ಕಡೆ ಹೊರಟಿದೆ. 2022ರ ಜುಲೈನಲ್ಲಿ ಕೇಂದ್ರ 'ಭಾಷಿಣಿ' ಶುರು ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಪಿಎಂ ಕಿಸಾನ್ ಯೋಜನೆಗೆ 'ಕಿಸಾನ್ ಇ-ಮಿತ್ರ' ಚಾಟ್‌ಬಾಟ್ ಬಂತು. ಅದೇ ತಿಂಗಳು ಮಾತಿನಲ್ಲೇ ದುಡ್ಡು ಕಳಿಸುವ 'ಹಲೋ ಯುಪಿಐ'ಯನ್ನು ಎನ್‌ಪಿಸಿಐ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಘೋಷಿಸಿತು. ನಾಳೆ ಗೃಹಲಕ್ಷ್ಮಿ ದುಡ್ಡು ಯಾಕೆ ಬಂದಿಲ್ಲ ಅಂತ ಕೇಳಲಿಕ್ಕೂ ಒಂದು ಬಾಟ್ ಬರಬಹುದು. ಬರಲಿ. ಅಕ್ಷರ ಬಾರದ ಅಜ್ಜಿಗೆ, ಕಣ್ಣು ಕಾಣದವರಿಗೆ, ಟೈಪ್ ಮಾಡಲಾಗದ ಕೂಲಿ ಕಾರ್ಮಿಕರಿಗೆ ಮಾತಿನ ಯಂತ್ರದಿಂದ ಆಗುವ ಅನುಕೂಲ ದೊಡ್ಡದು. ನಗರದಲ್ಲಿ ಕೂತು ಇದೆಲ್ಲ ಮೋಸ ಅಂತ ತಳ್ಳಿಹಾಕೋದು ಸುಲಭ, ನ್ಯಾಯ ಅಲ್ಲ.

ಆದರೆ ಒಂದು ಮಾತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಇಲ್ಲಿ ಎಷ್ಟೋ ಜನ ಮೆಸ್ಕಾಂನ 1912ಕ್ಕೆ ಫೋನ್ ಮಾಡುವ ಮೊದಲು ಲೈನ್‌ಮನ್‌ಗೆ ಮಾಡ್ತಾರೆ. 1912 ಸುಳ್ಳು ಹೇಳ್ತದೆ ಅಂತಲ್ಲ. ಯಾವ ತಿರುವಿನಲ್ಲಿ ಮರ ಬಿದ್ದಿದೆ ಅಂತ ಲೈನ್‌ಮನ್‌ಗೆ ಗೊತ್ತು. ನಾಳೆ ಸಂತೆಯಲ್ಲಿ ಸಿಕ್ಕರೆ ಕೇಳಬಹುದು ಅನ್ನೋದು ಅವರಿಗೂ ಗೊತ್ತು.

ಬಾಯಿಮಾತನ್ನು ಸುಲಭಕ್ಕೆ ನಂಬದಿರಲಿಕ್ಕೆ ಈ ಸೀಮೆಗೆ ಕಾರಣವೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು ಬಿಟ್ಟು ಎದ್ದವರು ಸರ್ಕಾರದ ಮಾತು ನಂಬಿ ಕಾಡಂಚಿಗೆ ಹೋದರು. ತೋರಿಸಿದ ಕಡೆ ಗುಡಿಸಲು ಕಟ್ಟಿದರು, ಉತ್ತರು. ಆ ಜಮೀನಿನಲ್ಲಿ ಎಷ್ಟೋ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಆರು ದಶಕ ಕಳೆದರೂ ಹಕ್ಕುಪತ್ರದ ಹೋರಾಟ ಮುಗಿದಿಲ್ಲ. ದಾಖಲೆ ಇಲ್ಲದ ಮಾತಿಗೆ ಮೂರು ತಲೆಮಾರು ಬೆಲೆ ತೆತ್ತ ಜನ ಇವರು.

ಇದೇ ನೆಲದಲ್ಲಿ ಮಾತಿಗೆ ಬೆಲೆ ಇರುವ ಇನ್ನೊಂದು ವ್ಯವಸ್ಥೆಯೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾರ್ವಜನಿಕ ಅಹವಾಲು ಸಭೆ ಕಾರ್ಗಲ್‌ನಲ್ಲಿ ನಡೆಯಿತು. ಇಂಥ ಸಭೆಗಳಿಗೆ 2006ರ ಪರಿಸರ ಅಧಿಸೂಚನೆ ಕೆಲವು ನಿಯಮ ಹಾಕಿದೆ. ಸಭೆ ವಿಡಿಯೋ ಆಗಬೇಕು. ಜನ ಹೇಳಿದ್ದನ್ನು ಬರೆದುಕೊಂಡು, ಕೊನೆಯಲ್ಲಿ ಅದನ್ನು ಅದೇ ಜನರ ಮುಂದೆ, ಅವರದೇ ಭಾಷೆಯಲ್ಲಿ ಓದಿ ಹೇಳಬೇಕು. ಆಮೇಲೆ ಅಧಿಕಾರಿ ಸಹಿ ಹಾಕಬೇಕು. ಅಂತಿಮ ತೀರ್ಮಾನದಲ್ಲಿ ಆ ಮಾತಿಗೆ ಎಷ್ಟು ತೂಕ ಸಿಗ್ತದೆ ಅನ್ನೋದರ ಮೇಲೆ ನಮಗೆ ತಕರಾರು ಇರಬಹುದು. ಆದರೆ ಒಬ್ಬರ ಮಾತು ಇನ್ನೊಬ್ಬರ ದಾಖಲೆಯಾಗುವಾಗ ಏನು ಮಾಡಬೇಕು ಅನ್ನೋದನ್ನು ಅದು ಸರಿಯಾಗಿ ಹಿಡಿದಿದೆ.

ಸರ್ಕಾರದ ಪ್ರತಿ ವಾಯ್ಸ್ ಬಾಟ್‌ಗೂ ಇದೇ ನಿಯಮ ಹಾಕಿ ಅಂತ ನಾವು ಕೇಳಬೇಕು. ನಾನು ಹೇಳಿದ್ದು ನಿನಗೆ ಏನಂತ ಕೇಳಿಸಿತು ಅನ್ನೋದನ್ನು ನನ್ನ ಕನ್ನಡದಲ್ಲೇ ತಿರುಗಿ ಹೇಳು. ನೀನು ಕೊಟ್ಟ ಉತ್ತರಕ್ಕೆ ಒಂದು ನಂಬರ್ ಕೊಡು, ಮೆಸೇಜ್ ಕಳಿಸು, ನಾಳೆ ಕಚೇರಿಯಲ್ಲಿ ತೋರಿಸ್ತೀನಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಮನುಷ್ಯರ ಕೈಗೆ ಫೋನ್ ಕೊಡು. ನಿನ್ನ ತಪ್ಪಿನಿಂದ ನನ್ನ ಸೌಲಭ್ಯ ತಪ್ಪಿದರೆ ಯಾವ ಅಧಿಕಾರಿ ಹೊಣೆ ಅಂತ ಹೇಳು. ಎಲ್ಲಕ್ಕಿಂತ ಮುಖ್ಯವಾಗಿ, ಬಾಟ್ ಬಂತು ಅಂತ ಗ್ರಾಮ ಒನ್ ಕೌಂಟರನ್ನು, ಪಂಚಾಯಿತಿಯ ಮೇಜನ್ನು ಮುಚ್ಚಬೇಡಿ. ಬೇರೆ ದಾರಿ ಇಲ್ಲದೆ ಬಳಸುವ ಯಂತ್ರದ ಬಳಕೆ ಲೆಕ್ಕವನ್ನು ನಂಬಿಕೆ ಅಂತ ತೋರಿಸೋದು ಸುಳ್ಳು ಲೆಕ್ಕ.

ಮಳೆ ಸ್ವಲ್ಪ ಬಿಟ್ಟಿತು. ಎರಡು ಬೋಂಡ, ಒಂದು ಚಹಾದ ದುಡ್ಡು ಕಳಿಸಿದೆ. ಡಬ್ಬಿ ಕೂಗಿತು. ಹೊರಡುವಾಗ ಮಾಲೀಕರನ್ನು ಕೇಳಿದೆ, "ಅಡಿಕೆ ರೇಟು ಮತ್ತೆ ಯಾರನ್ನ ಕೇಳ್ತೀರಿ?" ಹಿಟ್ಟಿನ ಕೈಯಲ್ಲೇ ರಸ್ತೆಯಾಚೆಯ ಅಡಿಕೆ ವ್ಯಾಪಾರಿಯ ಅಂಗಡಿ ತೋರಿಸಿದರು. "ಅವರ ಹತ್ರ ಕೇಳ್ತೀನಿ. ಆಮೇಲೆ ಸೊಸೈಟಿಗೊಂದು ಫೋನ್ ಮಾಡ್ತೀನಿ. ಒಬ್ಬರನ್ನೇ ನಂಬಿದರೆ ಆಗ್ತದಾ ಮಾರಾಯ್ರೆ?"